ಎಸ್‌ಜಿಪಿಟಿ ಇಳಿದಿದೆ ಅಂತ ಸಿಹಿ ಹಂಚಬೇಡಿ

"ಸಾರ್, 3,200 ಇದ್ದದ್ದು 600ಕ್ಕೆ ಬಂದಿದೆ!"

ಕಳೆದ ಮಳೆಗಾಲದಲ್ಲಿ ಕಾಮಾಲೆ ಅಂತ ಸೇರಿಸಿದ್ದ ಕಾಲೇಜು ಹುಡುಗನ ಅಣ್ಣ ಓಡಿ ಬಂದ. ಒಂದು ಕೈಯಲ್ಲಿ ರಿಪೋರ್ಟು, ಇನ್ನೊಂದರಲ್ಲಿ ಮೈಸೂರು ಪಾಕಿನ ಡಬ್ಬಿ. ನಾನು ಡಬ್ಬಿ ಮುಟ್ಟದೆ ಹುಡುಗನ ಹತ್ತಿರ ಹೋದೆ. ಮಟಮಟ ಮಧ್ಯಾಹ್ನ ಗಾಢ ನಿದ್ದೆ. ಎಬ್ಬಿಸಿ, "ನಿನ್ನ ಹೆಸರು ಬರೆಯಪ್ಪ" ಅಂದೆ. ಮೊದಲ ಅಕ್ಷರ ಸರಿಯಾಗಿ ಬಂತು. ಎರಡನೆಯದು ಗೆರೆ ಬಿಟ್ಟು ಜಾರಿತು. ಮೂರನೆಯದು ಬರಲೇ ಇಲ್ಲ. ಕೈ ಚಾಚಿ ಹಿಡಿಸಿದರೆ, ಬಸ್ಸಿನಲ್ಲಿ ತೂಕಡಿಸುವವರ ತಲೆಯ ಹಾಗೆ ಅಂಗೈ ಆಗಾಗ ಕುಸಿಯುತ್ತಿತ್ತು. ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತಿದೆ ಅಂತ ತೋರಿಸುವ ಐಎನ್‌ಆರ್ 1.6ರಿಂದ 3.4ಕ್ಕೆ ಏರಿತ್ತು.

ಎಸ್‌ಜಿಪಿಟಿ ಲಿವರ್ ಜೀವಕೋಶದ ಒಳಗಿರುವ ಎಂಜೈಮು. ಕೋಶ ಒಡೆದಾಗ ರಕ್ತಕ್ಕೆ ಸೋರುತ್ತದೆ, ಅಷ್ಟೆ. ಸೋರುವ ಹಂಡೆ ಎರಡು ಕಾರಣಕ್ಕೆ ಸೋರುವುದನ್ನು ನಿಲ್ಲಿಸುತ್ತದೆ. ಒಂದೋ ತೂತು ಮುಚ್ಚಿರಬೇಕು, ಇಲ್ಲಾ ಹಂಡೆಯೇ ಖಾಲಿಯಾಗಿರಬೇಕು. ಯಾವುದು ಅಂತ ಎಸ್‌ಜಿಪಿಟಿ ಹೇಳುವುದಿಲ್ಲ.

ಅದನ್ನು ಹೇಳುವುದು ಲಿವರ್ ತಯಾರಿಸುವ ಇನ್ನೊಂದು ಸರಕು: ಪ್ರೋಟೀನ್ ಕತ್ತರಿಸುವ ಎಂಜೈಮುಗಳು. ರಕ್ತ ಹೆಪ್ಪುಗಟ್ಟಲು ಇವೇ ಬೇಕು. ಲಿವರ್ ಇವನ್ನು ಒರೆಯೊಳಗಿನ ಚಾಕುಗಳ ಹಾಗೆ ನಿಷ್ಕ್ರಿಯವಾಗಿ ರಕ್ತಕ್ಕೆ ಬಿಡುತ್ತದೆ. ಗಾಯವಾದರೆ ಒಂದು ಚಾಕು ಇನ್ನೊಂದರ ಒರೆ ಕತ್ತರಿಸುತ್ತದೆ, ಅದು ಮತ್ತೊಂದರದ್ದು. ಕೊನೆಗೆ ಥ್ರಾಂಬಿನ್ ಎನ್ನುವ ಚಾಕು ಫೈಬ್ರಿನೋಜನ್ ಎಂಬ ಪ್ರೋಟೀನನ್ನು ಕತ್ತರಿಸಿ ಎಳೆ ಎಳೆ ಮಾಡುತ್ತದೆ. ಆ ಎಳೆಗಳ ಬಲೆಯೇ ಹೆಪ್ಪು. ಈ ಸಾಲಿನಲ್ಲಿ ಏಳನೇ ಫ್ಯಾಕ್ಟರ್ ಅಂತ ಒಂದಿದೆ. ಅದರ ಅರ್ಧದಷ್ಟು ನಾಲ್ಕರಿಂದ ಆರು ಗಂಟೆಯಲ್ಲೇ ಖರ್ಚಾಗುತ್ತದೆ. ಲಿವರ್ ಇವತ್ತು ಕೆಲಸ ನಿಲ್ಲಿಸಿದರೆ ನಾಳೆಗೇ ಐಎನ್‌ಆರ್‌ನಲ್ಲಿ ಗೊತ್ತಾಗುತ್ತದೆ. ಲಿವರ್ ತಯಾರಿಸುವ ಇನ್ನೊಂದು ಪ್ರೋಟೀನ್ ಅಲ್ಬುಮಿನ್ ನೋಡುತ್ತಾ ಕೂತರೆ ವಾರಗಳೇ ಬೇಕು.

ಹಾಗಾಗಿ ಎಸ್‌ಜಿಪಿಟಿ ಇಳಿಯುತ್ತಾ ಐಎನ್‌ಆರ್ ಏರುತ್ತಿದ್ದರೆ ಹಂಡೆ ಖಾಲಿಯಾಗುತ್ತಿದೆ ಅಂತಲೇ ನಾವು ಹೆದರುವುದು. ಜೊತೆಗೆ ಲಿವರ್ ಸೋತದ್ದು ಮೆದುಳಿಗೂ ತಟ್ಟಿ ಈ ಹುಡುಗನ ಹಾಗೆ ಮಂಪರೂ ಬಂತೋ, ಒಂದು ಗಂಟೆಯೂ ಕಾಯುವ ಹಾಗಿಲ್ಲ.

ಅಣ್ಣನನ್ನು ಬೈದು ಪ್ರಯೋಜನವಿಲ್ಲ. ರೌಂಡ್ಸ್‌ನಲ್ಲಿ "ಎಸ್‌ಜಿಪಿಟಿ ಎಷ್ಟು?" ಅಂತ ದಿನಾ ಕೂಗುವವರು ನಾವೇ ಅಲ್ವಾ? ಎಲ್‌ಎಫ್‌ಟಿ (ಲಿವರ್ ಪರೀಕ್ಷೆಗಳ ಕಟ್ಟು) ಅಂತ ಬರೆದರೆ ಎಷ್ಟೋ ಲ್ಯಾಬುಗಳಲ್ಲಿ ಐಎನ್‌ಆರ್ ಅದರಲ್ಲಿ ಬರುವುದೇ ಇಲ್ಲ, ಬೇರೆ ಬರೆಯಬೇಕು. ಅದಕ್ಕೆ ನೀಲಿ ಮುಚ್ಚಳದ ಟ್ಯೂಬು. ರಕ್ತ ಗೆರೆಯವರೆಗೂ ತುಂಬಿರಬೇಕು. ಅರ್ಧ ತುಂಬಿಸಿ ಕಳಿಸಿದರೆ ಸುಮ್ನೆ ಜಾಸ್ತಿ ತೋರಿಸಿ ಎಲ್ಲರ ಎದೆ ನಡುಗಿಸುತ್ತದೆ.

ಹಾಗಂತ ಐಎನ್‌ಆರ್ ಏರಿದ್ದೆಲ್ಲ ಲಿವರ್ ಸೋತದ್ದಲ್ಲ. ಹೃದಯದ ಕವಾಟಕ್ಕೆ ವಾರ್ಫರಿನ್ ಅಂತ ಹೆಪ್ಪು ತಡೆಯುವ ಮಾತ್ರೆ ತಗೊಳ್ಳುವವರಲ್ಲಿ ನಾವೇ ಬೇಕೆಂದು ಏರಿಸಿರುತ್ತೇವೆ. ಪಿತ್ತನಾಳ ಕಟ್ಟಿಕೊಂಡರೆ ಈ ಚಾಕುಗಳ ತಯಾರಿಗೆ ಬೇಕಾದ ವಿಟಮಿನ್ ಕೆ ಹೀರಿಕೆಯಾಗದೆ ಏರುತ್ತದೆ. ಇಂಜೆಕ್ಷನ್ ಕೊಟ್ಟರೆ ಒಂದೆರಡು ದಿನದಲ್ಲಿ ಇಳಿಯುತ್ತದೆ. ಪ್ಲಾಸ್ಮಾ, ಅಂದರೆ ದಾನಿಯ ರಕ್ತದ ದ್ರವಭಾಗ, ಹಾಕಿದ ಮೇಲೆ ಇಳಿದದ್ದನ್ನಂತೂ ನಂಬಬೇಡಿ, ಅದು ದಾನಿಯ ಲಿವರಿನ ಕೆಲಸ. ಕಾಮಾಲೆಯಾದ ಹೆಚ್ಚಿನವರು ತಾವಾಗೇ ಗುಣವಾಗುತ್ತಾರೆ ಅನ್ನುವುದೂ ನೆನಪಿರಲಿ.

"ಲಿವರಿಗೆ ಎಂಜೈಮ್ ಮಾತ್ರೆ ಬರೆದುಕೊಡಿ" ಅನ್ನುವವರಿಗೊಂದು ಮಾತು. ಅಂಗಡಿಯ ಆ ಮಾತ್ರೆ ಊಟ ಜೀರ್ಣವಾಗಲು. ಅದು ಈ ಚಾಕುಗಳನ್ನು ತುಂಬಿಕೊಡುವುದಿಲ್ಲ.

ಹುಡುಗನನ್ನು ಅವತ್ತೇ ಲಿವರ್ ಕಸಿ ಸೌಲಭ್ಯವಿದ್ದ ಬೆಂಗಳೂರಿನ ಆಸ್ಪತ್ರೆಗೆ ಕಳಿಸಿದೆವು. ಅದೃಷ್ಟಕ್ಕೆ ಕಸಿ ಬೇಕಾಗಲಿಲ್ಲ. ಆರನೇ ದಿನ ಅಣ್ಣನ ಫೋನು: "ಸಾರ್, ಐಎನ್‌ಆರ್ 1.9. ಪ್ಲಾಸ್ಮಾ ಹಾಕಿಲ್ಲ, ಕೇಳಿಕೊಂಡೇ ಫೋನ್ ಮಾಡಿದೆ."

"ಹೆಸರು ಬರೆದನಾ?"

"ಬರೆದ ಸಾರ್. ನನ್ನದೂ ಬರೆದ. ಪಕ್ಕದಲ್ಲಿ ಕತ್ತೆ ಅಂತಾನೂ ಸೇರಿಸಿದ್ದಾನೆ."