ಎದೆ ಮೇಲೆ ಕೂತದ್ದು ಯಾರು?

ನೈಟ್ ಶಿಫ್ಟ್ ಮುಗಿಸಿ ಬೆಳಗ್ಗೆ ಏಳಕ್ಕೆ ಕ್ಯಾಬ್ ಇಳಿದು, ಪಿ.ಜಿ.ಯಲ್ಲಿ ಎರಡು ಇಡ್ಲಿ ತಿಂದು, ಕಿಟಕಿಗೆ ಬೆಡ್‌ಶೀಟ್ ಕಟ್ಟಿ ಮಲಗಿದವರಿಗೆ ಒಂಬತ್ತೂವರೆ ಹೊತ್ತಿಗೆ ಎಚ್ಚರವಾಗುತ್ತದೆ. ತಲೆ ಮೇಲೆ ಫ್ಯಾನು ತಿರುಗುವುದು ಕಾಣುತ್ತದೆ, ಕೆಳಗೆ ಕುಕ್ಕರ್ ಕೂಗಿದ್ದು ಕೇಳುತ್ತದೆ. ಕೈ ಎತ್ತೋಣ ಎಂದರೆ ಕೈ ಬರುವುದಿಲ್ಲ. ಕೂಗೋಣ ಎಂದರೆ ಸ್ವರ ಹೊರಡುವುದಿಲ್ಲ. ಬಾಗಿಲ ಬಳಿ ಯಾರೋ ನಿಂತಿದ್ದಾರೆ. ಮುಖ ಕಾಣದು, ಆದರೆ ನೋಡುತ್ತಿರುವುದು ತನ್ನನ್ನೇ ಅನ್ನುವುದು ಖಾತ್ರಿ. ಆ ಆಕೃತಿ ಹತ್ತಿರ ಬಂದು, ಮಂಚ ಏರಿ, ಎದೆ ಮೇಲೆ ಕೂರುತ್ತದೆ. ಉಸಿರು ಸಾಲದು. ಇನ್ನೇನು ಮುಗಿಯಿತು ಅನ್ನುವಾಗ ಕಾಲಿನ ಹೆಬ್ಬೆರಳು ಅಲ್ಲಾಡುತ್ತದೆ, ಮೈ ಪೂರ್ತಿ ಒಮ್ಮೆಲೇ ಬಿಟ್ಟುಕೊಳ್ಳುತ್ತದೆ. ಬಾಗಿಲ ಬಳಿ ಇರುವುದು ಮೊಳೆಗೆ ನೇತುಹಾಕಿದ ರೇನ್‌ಕೋಟ್. ಮೊಬೈಲ್ ನೋಡಿದರೆ ಕಳೆದದ್ದು ಒಂದೆರಡು ನಿಮಿಷ.

ಊರಿಗೆ ಫೋನ್ ಮಾಡಿದರೆ ಉತ್ತರ ಸಿದ್ಧವಾಗಿರುತ್ತದೆ: ದೆವ್ವ ಅಮುಕಿದೆ, ಗಾಳಿ ಸೋಕಿದೆ, ದೃಷ್ಟಿ ತೆಗೆಸು, ತಾಯತ ಕಟ್ಟಿಸು, ದಿಂಬಿನ ಕೆಳಗೆ ಚಾಕು ಇಟ್ಟುಕೋ. ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಸಿಗುವುದು ‘ನಿದ್ರಾ ಪಾರ್ಶ್ವವಾಯು’ ಅನ್ನುವ ಹೆಸರು. ಈ ಹೆಸರು ಮಾಡಿರುವ ತೊಂದರೆ ದೆವ್ವದಷ್ಟೇ ದೊಡ್ಡದು. ಪಾರ್ಶ್ವ ಎಂದರೆ ಪಕ್ಕ. ಪಾರ್ಶ್ವವಾಯು ಎಂದರೆ ಮೈಯ ಒಂದು ಪಕ್ಕ ಬಿದ್ದುಹೋಗುವ ಲಕ್ವ. ಇಲ್ಲಿ ಒಂದು ಪಕ್ಕ ಬೀಳುವುದಿಲ್ಲ, ನರಕ್ಕೆ ಪೆಟ್ಟಾಗುವುದಿಲ್ಲ, ಮೆದುಳಿಗೆ ರಕ್ತ ನಿಲ್ಲುವುದಿಲ್ಲ. ಇಪ್ಪತ್ತೆರಡರ ಹುಡುಗ ಆ ಪದ ಓದಿ ತನಗೆ ಲಕ್ವ ಶುರುವಾಗಿದೆ ಎಂದು ಹೆದರಿದರೆ ತಪ್ಪು ಅವನದಲ್ಲ. ‘ನಿದ್ದೆಸ್ತಂಭನ’ ಅಂದರೆ ವಾಸಿ. ಇಲ್ಲಿ ಅದನ್ನೇ ಬಳಸೋಣ.

ಎದೆ ಮೇಲೆ ಕೂತದ್ದು ಯಾರು ಅನ್ನುವ ಪ್ರಶ್ನೆ ಹಳೆಯದು. ಗ್ರೀಕರು ಇದನ್ನು ಎಫಿಯಾಲ್ಟಿಸ್ ಅಂದರು, ಮೇಲೆ ಹಾರಿ ಬೀಳುವವನು ಎಂದರ್ಥ. ಹತ್ತನೇ ಶತಮಾನದಲ್ಲಿ ಬುಖಾರಾದ ವೈದ್ಯ ಅಖವೈನಿ ದೆವ್ವವನ್ನು ಬದಿಗಿಟ್ಟು, ಹೊಟ್ಟೆಯಿಂದ ಮೆದುಳಿಗೆ ಏರುವ ಆವಿಯೇ ಕಾರಣ ಎಂದು ಬರೆದ. ಕಾರಣ ತಪ್ಪು, ಆದರೆ ಹುಡುಕಿದ ಜಾಗ ಸರಿ: ಮೈಯೊಳಗೆ. 1664ರಲ್ಲಿ ಅಚ್ಚಾದ ಡಚ್ ವೈದ್ಯ ಡೀಮರ್‌ಬ್ರೂಕ್‌ನ ಟಿಪ್ಪಣಿ ಇನ್ನೂ ಸ್ಪಷ್ಟ. ಐವತ್ತರ ಹೆಂಗಸೊಬ್ಬಳಿಗೆ ರಾತ್ರಿ ಮಲಗಿದಾಗ ಒಮ್ಮೆ ಸೈತಾನ, ಒಮ್ಮೆ ದೊಡ್ಡ ನಾಯಿ, ಒಮ್ಮೆ ಕಳ್ಳ ಎದೆ ಮೇಲೆ ಬಿದ್ದಂತಾಗುತ್ತಿತ್ತು. ತಳ್ಳಲು ಹೋದರೆ ಕೈಕಾಲು ಆಡುತ್ತಿರಲಿಲ್ಲ. ಪಿ.ಜಿ.ಯ ಕೋಣೆಗೂ ಆ ಕೋಣೆಗೂ ವ್ಯತ್ಯಾಸ ರೇನ್‌ಕೋಟ್ ಒಂದೇ.

ಕೆಲವರಿಗೆ ಇದು ಪ್ರಾಣಕ್ಕೇ ಬಂತು. 1692ರಲ್ಲಿ ಅಮೆರಿಕದ ಸೇಲಂನಲ್ಲಿ ಮಾಟಗಾತಿಯರ ವಿಚಾರಣೆ ನಡೆದಾಗ, ಬ್ರಿಜೆಟ್ ಬಿಷಪ್ ಎಂಬಾಕೆ ರಾತ್ರಿ ಕೋಣೆಯೊಳಗೆ ಬಂದು ಮೈಮೇಲೆ ಹೇರಿಕೊಂಡಳು, ತಮಗೆ ಅಲುಗಾಡಲೂ ಆಗಲಿಲ್ಲ ಎಂದು ಗಂಡಸರು ಸಾಕ್ಷಿ ಹೇಳಿದರು. ಜೂನ್ 10ರಂದು ಆಕೆಯನ್ನು ಗಲ್ಲಿಗೇರಿಸಿದರು. ಸಾಕ್ಷಿ ಹೇಳಿದವರೆಲ್ಲ ಬೇಕೆಂದೇ ಸುಳ್ಳು ಹೇಳಿರಬೇಕಿಲ್ಲ, ಕಂಡದ್ದನ್ನೇ ಹೇಳಿರಬಹುದು. ಕಂಡದ್ದು ಅಷ್ಟು ನಿಜವಾಗಿರುತ್ತದೆ ಅನ್ನುವುದೇ ಇದರ ಅಪಾಯ. ನಮ್ಮಲ್ಲೂ ದೆವ್ವ ಬಿಡಿಸುವ ಹೆಸರಲ್ಲಿ ಹೊಡೆಯುವ, ಕಟ್ಟಿಹಾಕುವ ಪದ್ಧತಿ ಇದ್ದದ್ದರಿಂದಲೇ ಕರ್ನಾಟಕದ 2017ರ ಮೂಢನಂಬಿಕೆ ತಡೆ ಕಾಯ್ದೆ ಅದನ್ನು ಅಪರಾಧವೆಂದಿತು.

1753ರಲ್ಲಿ ಜಾನ್ ಬಾಂಡ್ ಎಂಬ ವೈದ್ಯ ಇದರ ಮೇಲೊಂದು ಪ್ರಬಂಧ ಬರೆದ. ಅಂಗಾತ ಮಲಗಿದವರನ್ನೇ ಇದು ಹಿಡಿಯುತ್ತದೆ ಎಂದು ಅವನು ಗುರುತಿಸಿದ. ಅವನು ಹೇಳಿದ ರಕ್ತ ನಿಲ್ಲುವ ಸಿದ್ಧಾಂತ ಬಿದ್ದುಹೋಯಿತು, ಅಂಗಾತದ ಮಾತು ಮಾತ್ರ ಇವತ್ತಿಗೂ ನಿಂತಿದೆ. 1876ರಲ್ಲಿ ಅಮೆರಿಕದ ನರವೈದ್ಯ ವೇರ್ ಮಿಚೆಲ್ ಇದನ್ನು ವೈದ್ಯಕೀಯ ಸ್ಥಿತಿಯಾಗಿ ವಿವರಿಸಿದ. 1928ರಲ್ಲಿ ಲಂಡನ್‌ನ ಕಿನಿಯರ್ ವಿಲ್ಸನ್ ‘ಸ್ಲೀಪ್ ಪ್ಯಾರಾಲಿಸಿಸ್’ ಎಂದು ಹೆಸರಿಟ್ಟ. ಅದನ್ನೇ ಕನ್ನಡಕ್ಕೆ ತರುವಾಗ ಮೇಲೆ ಹೇಳಿದ ಪಾರ್ಶ್ವವಾಯು ಅಂಟಿಕೊಂಡದ್ದು.

ಉತ್ತರ ಸಿಕ್ಕಿದ್ದು ದೆವ್ವ ಹುಡುಕಿದವರಿಗಲ್ಲ, ಕಣ್ಣು ನೋಡುತ್ತ ಕೂತವರಿಗೆ. 1953ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್, ಮಲಗಿದವರ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ಆಗಾಗ ಸರಸರ ಓಡುತ್ತದೆ, ಆಗ ಎಬ್ಬಿಸಿದರೆ ಕನಸು ಕಂಡೆ ಅನ್ನುತ್ತಾರೆ ಎಂದು ಪ್ರಕಟಿಸಿದರು. ಇದೇ ರೆಮ್ (ರ್ಯಾಪಿಡ್ ಐ ಮೂವ್‌ಮೆಂಟ್, ಕಣ್ಣು ಸರಸರ ಓಡುವ) ನಿದ್ದೆ. ಕೆಲವೇ ವರ್ಷಗಳಲ್ಲಿ ಫ್ರಾನ್ಸಿನ ಲಿಯೋನ್‌ನಲ್ಲಿ ಮಿಷೆಲ್ ಜೂವೆ, ಬೆಕ್ಕುಗಳ ಮೆದುಳು ಈ ಹೊತ್ತಿನಲ್ಲಿ ಎಚ್ಚರದಲ್ಲಿರುವಂತೆ ಚುರುಕಾಗಿದ್ದರೂ ಕುತ್ತಿಗೆಯ ಸ್ನಾಯು ಪೂರ್ತಿ ಸಡಿಲಾಗುವುದನ್ನು ಕಂಡ. ಮುಂದೆ ಮೆದುಳಿನ ಕಾಂಡದ ಸಣ್ಣದೊಂದು ಭಾಗವನ್ನು ಹಾಳುಮಾಡಿ ನೋಡಿದಾಗ, ಬೆಕ್ಕು ನಿದ್ದೆಯಲ್ಲೇ ಎದ್ದು ಇಲ್ಲದ ಬೇಟೆಯ ಮೇಲೆ ಎರಗಿತು. ಅಂದರೆ ಕನಸಿನ ಹೊತ್ತಿಗೆ ಮೈಗೆ ಬೀಗ ಹಾಕುವ ವ್ಯವಸ್ಥೆಯೊಂದಿದೆ. ಅದಿಲ್ಲದಿದ್ದರೆ ಕನಸಿನಲ್ಲಿ ಓಡುವವರೆಲ್ಲ ಗೋಡೆಗೆ ಗುದ್ದುತ್ತಿದ್ದರು. ಬೀಗ ಹಾಕುವ ಆಜ್ಞೆ ಮೆದುಳಿನ ಕಾಂಡದಿಂದ ಹೊರಟು ಮೆದುಳುಬಳ್ಳಿಯ ಚಾಲಕ ನರಕೋಶಗಳನ್ನು ತಲುಪುತ್ತದೆ, ಅಲ್ಲಿ ಗಾಬಾ ಮತ್ತು ಗ್ಲೈಸೀನ್ ಎಂಬ ಎರಡು ರಾಸಾಯನಿಕಗಳು ಕೂಡಿ ಅವುಗಳ ಬಾಯಿ ಮುಚ್ಚಿಸುತ್ತವೆ. ಎರಡೂ ಬೇಕು ಅನ್ನುವುದು 2012ರಲ್ಲಿ ಇಲಿಗಳ ಮೇಲಿನ ಅಧ್ಯಯನದಲ್ಲಿ ಖಚಿತವಾಯಿತು.

ಎಚ್ಚರವಾದಾಗ ಈ ಬೀಗವೂ ತೆಗೆಯಬೇಕು. ಪ್ರಜ್ಞೆ ಮೊದಲು ಎದ್ದು ಬೀಗ ತಡವಾಗಿ ತೆರೆದರೆ, ನಡುವಿನ ಆ ಸಂದೇ ನಿದ್ದೆಸ್ತಂಭನ. ನಿದ್ದೆ ಪರೀಕ್ಷೆಯ ಪರದೆಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿ ಒಂದೊಂದು ಪುಟವೂ 30 ಸೆಕೆಂಡಿನದು. ತಲೆಯ ಎಲೆಕ್ಟ್ರೋಡ್‌ಗಳ ಗೆರೆಯಲ್ಲಿ ಎಚ್ಚರದ ಗುರುತಾದ ಆಲ್ಫಾ ಅಲೆ ಕುಣಿಯುತ್ತಿರುತ್ತದೆ, ಸೆಕೆಂಡಿಗೆ 8ರಿಂದ 13. ಗದ್ದಕ್ಕೆ ಅಂಟಿಸಿದ ಎಲೆಕ್ಟ್ರೋಡ್‌ನ ಗೆರೆ ಮಾತ್ರ ಸ್ಕೇಲಿಟ್ಟು ಎಳೆದಂತೆ ಚಪ್ಪಟೆ. ಮೇಲಿನ ಗೆರೆ ‘ಎದ್ದಿದ್ದಾನೆ’ ಅನ್ನುತ್ತದೆ, ಕೆಳಗಿನದು ‘ಇನ್ನೂ ಕನಸಲ್ಲಿದ್ದಾನೆ’ ಅನ್ನುತ್ತದೆ.

ಎದೆ ಮೇಲಿನ ಭಾರಕ್ಕೂ ಲೆಕ್ಕ ಇಲ್ಲೇ ಇದೆ. ಬೀಗದಿಂದ ತಪ್ಪಿಸಿಕೊಳ್ಳುವುದು ಮುಖ್ಯವಾಗಿ ಎರಡು: ಕಣ್ಣು ಹೊರಳಿಸುವ ಸ್ನಾಯುಗಳು, ಮತ್ತು ಎದೆ-ಹೊಟ್ಟೆಗಳ ನಡುವೆ ಉಸಿರಾಟ ನಡೆಸುವ ಸ್ನಾಯುವಾದ ವಪೆ. ವಪೆ ತನ್ನಷ್ಟಕ್ಕೆ ಕೆಲಸ ಮಾಡುತ್ತಲೇ ಇರುತ್ತದೆ, ಹಾಗಾಗಿ ಉಸಿರು ನಿಲ್ಲುವುದಿಲ್ಲ. ಪಕ್ಕೆಲುಬುಗಳ ನಡುವಿನ ಸ್ನಾಯುಗಳು ಮಾತ್ರ ಸಡಿಲ. ಹೆದರಿದವರು ದೀರ್ಘವಾಗಿ ಉಸಿರೆಳೆಯಲು ಹೋಗುತ್ತಾರೆ. ಎದೆಗೂಡು ಹಿಗ್ಗಬೇಕಾದದ್ದು ಹಿಗ್ಗುವುದಿಲ್ಲ. ಅದನ್ನು ಮೆದುಳು, ಎದೆ ಮೇಲೆ ಯಾರೋ ಕೂತಿದ್ದಾರೆ ಎಂದು ಓದಿಕೊಳ್ಳುತ್ತದೆ.

ಹಾಗಾದರೆ ಬಾಗಿಲಲ್ಲಿ ನಿಂತವರು? ಕೆನಡಾದ ಜೇಮ್ಸ್ ಚೈನ್ ಮತ್ತು ಸಂಗಡಿಗರು 1999ರಲ್ಲಿ ಈ ಭ್ರಮೆಗಳನ್ನು ಮೂರು ಗುಂಪು ಮಾಡಿದರು: ಕೋಣೆಯಲ್ಲಿ ಯಾರೋ ಇದ್ದಾರೆ ಅನ್ನುವುದು, ಎದೆ ಅಮುಕಿ ಕತ್ತು ಹಿಸುಕಿದಂತಾಗುವುದು, ತೇಲಿದಂತೆ ಅಥವಾ ಮೈಬಿಟ್ಟು ಹೊರಗೆ ಬಂದಂತೆ ಅನ್ನಿಸುವುದು. ರೆಮ್‌ನಲ್ಲಿ ಭಯದ ಕೇಂದ್ರವಾದ ಅಮಿಗ್ಡಲಾ ಚುರುಕಾಗಿರುತ್ತದೆ. ಕಾರಣ ಕಾಣದೆ ಭಯ ಹುಟ್ಟಿದಾಗ ಮೆದುಳು ಕಾರಣ ಹುಡುಕುತ್ತದೆ, ಅರೆಗತ್ತಲಲ್ಲಿ ರೇನ್‌ಕೋಟ್ ಸಿಗುತ್ತದೆ. 2006ರಲ್ಲಿ ಸ್ವಿಟ್ಜರ್‌ಲೆಂಡಿನ ವೈದ್ಯರು ಅಪಸ್ಮಾರದ ತಪಾಸಣೆಗೆಂದು ಒಬ್ಬ ರೋಗಿಯ ಎಡ ಕಿವಿಯ ಮೇಲ್ಭಾಗದ ಮೆದುಳಿಗೆ ಸಣ್ಣ ವಿದ್ಯುತ್ ಕೊಟ್ಟಾಗ, ತನ್ನ ಹಿಂದೆಯೇ ನೆರಳಿನಂಥ ಮನುಷ್ಯನಿದ್ದಾನೆ ಎಂದು ರೋಗಿ ಹೇಳಿದರು. ಕೂತರೆ ಆ ನೆರಳೂ ಕೂರುತ್ತಿತ್ತು. ತನ್ನ ಮೈ ಎಲ್ಲಿದೆ ಎಂದು ಲೆಕ್ಕವಿಡುವ ಭಾಗ ತಪ್ಪಿದರೆ ತನ್ನದೇ ಮೈ ಇನ್ನೊಬ್ಬರಾಗಿ ಕಾಣಬಹುದು ಅನ್ನುವುದಕ್ಕೆ ಇದಕ್ಕಿಂತ ನೇರ ಪುರಾವೆ ಕಡಿಮೆ.

ಆ ನೆರಳಿಗೆ ಬಟ್ಟೆ ತೊಡಿಸುವುದು ಊರು. ಜಪಾನಿನಲ್ಲಿ ಕಾನಶಿಬಾರಿ, ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ ಮುದಿ ಮಾಟಗಾತಿ, ಈಜಿಪ್ಟಿನಲ್ಲಿ ಜಿನ್. ನಮ್ಮಲ್ಲಿ ಮೋಹಿನಿಯಿಂದ ಹಿಡಿದು ತೀರಿಹೋದ ನೆಂಟರವರೆಗೆ ಯಾರೂ ಆಗಬಹುದು. 1990ರ ದಶಕದಲ್ಲಿ ಬೆಂಗಳೂರಿನ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದದ್ದು ಹೊರಗೆ ನಿಂತು ಕದ ತಟ್ಟುವವಳಿಗಾಗಿ. ಇದು ಕದ ತಟ್ಟದೇ ಒಳಗಿರುವ ಗಿರಾಕಿ, ಆ ಬರಹ ಇದಕ್ಕೆ ನಾಟದು. ಡೆನ್ಮಾರ್ಕ್ ಮತ್ತು ಈಜಿಪ್ಟಿನವರನ್ನು ಹೋಲಿಸಿದ ಬಾಲಂದ್ ಜಲಾಲ್ ಮತ್ತು ಸಂಗಡಿಗರ ಅಧ್ಯಯನದಲ್ಲಿ, ಜಿನ್ನನ್ನು ನಂಬುವ ಕಡೆಯಲ್ಲಿ ಹೆದರಿಕೆಯೂ ಹೆಚ್ಚಿತ್ತು, ಸ್ತಂಭನವೂ ಹೆಚ್ಚು ಹೊತ್ತು ಎಳೆಯುತ್ತಿತ್ತು. ಹೆದರಿಕೆ ನಿದ್ದೆ ಕೆಡಿಸುತ್ತದೆ, ಕೆಟ್ಟ ನಿದ್ದೆ ಮತ್ತೆ ಸ್ತಂಭನ ತರುತ್ತದೆ. ಅಜ್ಜಿಯ ಮಾತನ್ನು ನಗುವುದು ಸುಲಭ, ಆದರೆ ಮಲಗುವ ಮುನ್ನ ರಾಮ, ಸ್ಕಂದ, ಹನುಮಂತ, ಗರುಡ, ಭೀಮರನ್ನು ನೆನೆಯುವ ಶ್ಲೋಕ ಹೇಳಿಕೊಂಡು ಮನಸ್ಸು ತಣ್ಣಗಾದರೆ ಅದನ್ನು ಬಿಡಬೇಕಾಗಿಲ್ಲ. ಚಾಕು ಮಾತ್ರ ಅಡುಗೆಮನೆಯಲ್ಲೇ ಇರಲಿ.

ಇದು ಅಪರೂಪದ್ದೇನಲ್ಲ. 35 ಅಧ್ಯಯನಗಳನ್ನು ಒಟ್ಟುಗೂಡಿಸಿದ 2011ರ ವಿಶ್ಲೇಷಣೆಯಂತೆ ಜೀವನದಲ್ಲಿ ಒಮ್ಮೆಯಾದರೂ ಇದನ್ನು ಕಂಡವರು ಸಾಮಾನ್ಯ ಜನರಲ್ಲಿ ಶೇ 7.6, ವಿದ್ಯಾರ್ಥಿಗಳಲ್ಲಿ ಶೇ 28.3. ವಿದ್ಯಾರ್ಥಿಗಳಿಗೇ ಯಾಕೆ ಅನ್ನುವುದಕ್ಕೆ ಜಪಾನಿನ ಟಕೆಯುಚಿ ತಂಡದ 1992ರ ಪ್ರಯೋಗ ನೋಡಬೇಕು. 16 ಆರೋಗ್ಯವಂತರನ್ನು ರಾತ್ರಿ ನಡುವೆ ಎಬ್ಬಿಸಿ, ಒಂದು ಗಂಟೆ ಎಚ್ಚರವಾಗಿಟ್ಟು, ಮತ್ತೆ ಮಲಗಿಸಿದರು. ಹೀಗೆ 64 ಬಾರಿ ಮಾಡಿದಾಗ 6 ಸಲ ಸ್ತಂಭನ ಬಂತು. ಸಾಮಾನ್ಯವಾಗಿ ಮಲಗಿ ಒಂದೂವರೆ ಗಂಟೆಗೆ ಬರುವ ರೆಮ್, ಹೀಗೆ ಮುರಿದ ನಿದ್ದೆಯಲ್ಲಿ ಮಲಗುತ್ತಲೇ ನುಗ್ಗುತ್ತದೆ. ಪ್ರಜ್ಞೆ ಇನ್ನೂ ಆರಿರುವುದಿಲ್ಲ.

ಬೆಂಗಳೂರಿನ ಶಿಫ್ಟ್ ಜೀವನ ಇದೇ ಪ್ರಯೋಗವನ್ನು ದಿನಾ ನಡೆಸುತ್ತದೆ. ರೆಮ್‌ನ ಸೆಳೆತ ಅತಿ ಹೆಚ್ಚಿರುವುದು ದೇಹದ ಉಷ್ಣತೆ ತೀರ ಇಳಿಯುವ ಬೆಳಗಿನ ಜಾವ ಮತ್ತು ಅದರ ನಂತರದ ಕೆಲವು ಗಂಟೆಗಳಲ್ಲಿ. ರಾತ್ರಿಯಿಡೀ ಎದ್ದಿದ್ದು ಏಳೂವರೆಗೆ ಮಲಗುವವರು ನೇರ ಅದರ ಬಾಯಿಗೇ ಹೋಗಿ ಬೀಳುತ್ತಾರೆ. ಮೇಲೆ ಹಾರ್ನ್, ಡ್ರಿಲ್ಲಿಂಗ್, ರೂಮ್‌ಮೇಟ್‌ನ ಅಲಾರಂ ಸೇರಿ ನಿದ್ದೆ ತುಂಡು ತುಂಡು. ಅಲಾರಂ ಸ್ನೂಜ್ ಒತ್ತಿ ಮತ್ತೆ ಮತ್ತೆ ಮಂಪರಿಗೆ ಜಾರುವುದೂ ಅದೇ ಜಾತಿ. ಶುಕ್ರವಾರ ರಾತ್ರಿಯ ಮದ್ಯ ಮೊದಲರ್ಧ ರಾತ್ರಿಯ ರೆಮ್ ಅನ್ನು ಅದುಮಿ, ಬೆಳಗಿನ ಜಾವ ಬಡ್ಡಿ ಸಮೇತ ಬಿಡುತ್ತದೆ. ಖಿನ್ನತೆಯ ಕೆಲವು ಮಾತ್ರೆಗಳನ್ನು ಏಕಾಏಕಿ ನಿಲ್ಲಿಸಿದರೂ ಹಾಗೇ. ಆ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಬಿಡಬಾರದು.

ಬಂದಾಗ ಏನು ಮಾಡಬೇಕು? ಬಲವಾಗಿ ಕೊಸರಾಡುವುದು ಎಲ್ಲರೂ ಮಾಡುವ ತಪ್ಪು. ಸ್ನಾಯು ಓಗೊಡದೆ ಗಾಬರಿ ಏರುತ್ತದೆ, ಎದೆಯ ಭಾರವೂ ಏರುತ್ತದೆ. ಜಲಾಲ್ 2016ರಲ್ಲಿ ಸೂಚಿಸಿದ ಕ್ರಮ ನಾಲ್ಕು ಹೆಜ್ಜೆಯದು. ಇದು ನಿದ್ದೆಸ್ತಂಭನ, ನಿಮಿಷದಲ್ಲಿ ಹೋಗುತ್ತದೆ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುವುದು. ಹಾಗಾದ ಮೇಲೆ ಹೆದರಬೇಕಾದ್ದಿಲ್ಲ ಎಂದು ಭಯದಿಂದ ದೂರ ನಿಲ್ಲುವುದು. ಪ್ರೀತಿಯ ಒಬ್ಬರ ಮುಖ ಅಥವಾ ದೇವರ ನಾಮ, ಯಾವುದಾದರೂ ಒಂದರ ಮೇಲೆ ಗಮನ ನೆಡುವುದು. ಕೊನೆಗೆ ಮೈಯನ್ನು ಅಲುಗಿಸಲು ಹೋಗದೆ ಸಡಿಲ ಬಿಡುವುದು. ಇದನ್ನು ಹಗಲಲ್ಲಿ, ಅಂಗಾತ ಮಲಗಿ ಅಭ್ಯಾಸ ಮಾಡಿರಬೇಕು. ಆ ಕ್ಷಣದಲ್ಲಿ ಕಲಿಯಲಾಗದು. ಉಸಿರನ್ನು ಎಳೆಯದೆ ಅದರಷ್ಟಕ್ಕೆ ಬಿಡಿ. ಆಕೃತಿಯನ್ನು ದಿಟ್ಟಿಸಬೇಡಿ. ಅನೇಕರಿಗೆ ಕಣ್ಣುಗುಡ್ಡೆ ಹೊರಳಿಸುವುದು, ಕಾಲ್ಬೆರಳಿಗೆ ಮಾತ್ರ ಮನಸ್ಸು ಕೊಡುವುದು ಕೆಲಸ ಮಾಡುತ್ತದೆ. ಬಿಟ್ಟ ಮೇಲೆ ತಕ್ಷಣ ಮಗ್ಗುಲಾಗಿ ಮತ್ತೆ ಮಲಗಿದರೆ ಎರಡನೇ ಸಲ ಬರುವುದುಂಟು. ಎದ್ದು ದೀಪ ಹಾಕಿ, ನೀರು ಕುಡಿದು, ಹತ್ತು ನಿಮಿಷ ಬಿಟ್ಟು ಮಲಗಿ.

ಬಾರದಂತೆ ತಡೆಯಲು ಮೊದಲು ಅಂಗಾತ ಬಿಟ್ಟು ಮಗ್ಗುಲಿಗೆ ಮಲಗಬೇಕು. ನಿದ್ದೆಯಲ್ಲಿ ಹೊರಳುವವರು ಹಳೆಯ ಟೀಷರ್ಟಿನ ಬೆನ್ನಿಗೆ ಜೇಬು ಹೊಲಿದು ಟೆನಿಸ್ ಚೆಂಡು ಇಟ್ಟುಕೊಳ್ಳಬಹುದು. ಶಿಫ್ಟ್ ವಾರಕ್ಕೊಮ್ಮೆ ಬದಲಾಗುವುದಾದರೆ ಬೆಳಗಿನಿಂದ ಮಧ್ಯಾಹ್ನಕ್ಕೆ, ಮಧ್ಯಾಹ್ನದಿಂದ ರಾತ್ರಿಗೆ ಎಂದು ಮುಂದಕ್ಕೇ ಸರಿಯುವಂತೆ ಕೇಳಿಕೊಳ್ಳಿ. ಹಿಂದಕ್ಕೆ ಸರಿಯುವುದು ದೇಹಕ್ಕೆ ಕಷ್ಟ. ಕಿಟಕಿಗೆ ದಪ್ಪ ಪರದೆ, ಕಿವಿಗೆ ಪ್ಲಗ್, ರಜೆಯ ದಿನವೂ ಹೆಚ್ಚುಕಡಿಮೆ ಅದೇ ವೇಳೆ, ಒಟ್ಟು 7 ಗಂಟೆಗೆ ಕಡಿಮೆಯಿಲ್ಲದ ನಿದ್ದೆ.

ನಿದ್ದೆಸ್ತಂಭನವೆಂದು ತಪ್ಪು ತಿಳಿಯಬಾರದ ಸಂಗತಿಗಳೂ ಇವೆ. ಬಾಯಿ ಒಂದು ಕಡೆ ಸೊಟ್ಟಗಾಗಿ, ಒಂದೇ ಪಕ್ಕದ ಕೈಕಾಲು ಸೋತು, ಮಾತು ತೊದಲಿದರೆ ಅದು ನಿಜವಾದ ಪಾರ್ಶ್ವವಾಯು. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಲಕ್ಷಣ ಶುರುವಾದಾಗಿನಿಂದ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯಷ್ಟೇ ಗಡುವು, ಹಾಗಾಗಿ ಕೂಡಲೇ ಆಸ್ಪತ್ರೆ ತಲುಪಬೇಕು. ರಾತ್ರಿ ಹೊಟ್ಟೆ ತುಂಬ ಅನ್ನ ಉಂಡು ಮಲಗಿ, ಬೆಳಗ್ಗೆ ತೊಡೆಗಳು ಎದ್ದೇಳದೆ, ಗಂಟೆಗಟ್ಟಲೆ ಹಾಗೇ ಉಳಿದರೆ ರಕ್ತದ ಪೊಟ್ಯಾಸಿಯಂ ಇಳಿದಿರಬಹುದು. ಅದನ್ನು ಅಂದೇ ಪರೀಕ್ಷಿಸಬೇಕು. ಹಗಲಲ್ಲಿ ತಡೆಯಲಾಗದ ನಿದ್ದೆ, ಜೋರಾಗಿ ನಕ್ಕಾಗ ಮೊಣಕಾಲು ಕುಸಿಯುವುದು, ಜೊತೆಗೆ ಸ್ತಂಭನ ಇದ್ದರೆ ನಾರ್ಕೊಲೆಪ್ಸಿ ಎಂಬ ನಿದ್ದೆ ಕಾಯಿಲೆಯ ಸಂಶಯ. ಅದಕ್ಕೆ ರಾತ್ರಿಯ ನಿದ್ದೆ ಪರೀಕ್ಷೆಯ ಮರುದಿನ, ಎರಡೆರಡು ಗಂಟೆಗೊಮ್ಮೆ 20 ನಿಮಿಷದ ನಿದ್ದೆಯ ಅವಕಾಶ ಕೊಟ್ಟು ನೋಡುವ ಪರೀಕ್ಷೆಯಿದೆ; ಸರಾಸರಿ 8 ನಿಮಿಷದೊಳಗೆ ನಿದ್ದೆ ಹತ್ತಿ, ಎರಡು ಸಲವಾದರೂ ಬೇಗನೆ ರೆಮ್ ಬಂದರೆ ಅದು ಬಲವಾದ ಸೂಚನೆ. ನಿಮ್ಹಾನ್ಸ್‌ನಂಥ ಕಡೆ ನರವಿಜ್ಞಾನ ಮತ್ತು ಮನೋವೈದ್ಯ ವಿಭಾಗಗಳೆರಡೂ ಒಂದೇ ಆವರಣದಲ್ಲಿ ಸಿಗುತ್ತವೆ. ಮಲಗಲು ಹೆದರಿಕೆಯಾಗುವಷ್ಟು ಆದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು. ವೈದ್ಯರ ಬಳಿ ಹೋಗುವಾಗ ಎರಡು ವಾರದ ಲೆಕ್ಕ ಬರೆದುಕೊಂಡು ಹೋಗಿ: ಮಲಗಿದ್ದು, ಎದ್ದದ್ದು, ಯಾವ ಮಗ್ಗುಲು, ಸ್ತಂಭನ ಬಂದ ಹೊತ್ತು, ಹಿಂದಿನ ದಿನದ ಕಾಫಿ, ಮದ್ಯ, ಮಾತ್ರೆ.

ರೂಮ್‌ಮೇಟ್‌ಗೂ ಒಂದು ಮಾತು ಹೇಳಿಟ್ಟಿರಿ. ಸ್ತಂಭನದಲ್ಲಿರುವವರು ಹೊರಗಿನವರಿಗೆ ಸುಮ್ಮನೆ ಮಲಗಿದಂತೆ ಕಾಣುತ್ತಾರೆ. ಗಮನವಿಟ್ಟರೆ ಕಣ್ಣು ಓಡುವುದು, ಗಂಟಲಲ್ಲಿ ಸಣ್ಣ ನರಳಿಕೆ ಗೊತ್ತಾಗುತ್ತದೆ. ಅಲುಗಾಡಿಸಿ ಕಿರುಚಬೇಕಿಲ್ಲ. ಹೆಸರು ಹಿಡಿದು ಕರೆದು ಭುಜ ಮುಟ್ಟಿದರೆ ಬಹಳ ಸಲ ಅಷ್ಟಕ್ಕೇ ಬಿಡುತ್ತದೆ.