ಕಾರ್ತೇಜ್ ಮಣ್ಣಿಗೆ ಉಪ್ಪು ಹಾಕಿದ್ದು ಯಾರು?

ಪ್ರಶ್ನೆ: ರೋಮನ್ನರು ಉತ್ತರ ಆಫ್ರಿಕಾದ ಕಾರ್ತೇಜ್ ನಗರವನ್ನು ಕೆಡವಿ, ಅಲ್ಲಿ ಮತ್ತೆ ಹುಲ್ಲೂ ಬೆಳೆಯಬಾರದು ಅಂತ ಉಪ್ಪು ಬಿತ್ತಿದರಂತೆ. ನಿಜವಾ?

ಇಲ್ಲ. ಹೋದ ಸಲವೂ ಇಲ್ಲ ಅಂದಿದ್ದೆ, ಅದರ ಹಿಂದಿನ ಸಲವೂ ಅಂದಿದ್ದೆ. ಆದರೂ ಕಾರ್ತೇಜ್‌ನ ಸೇನಾಪತಿ ಹ್ಯಾನಿಬಲ್ ಹೆಸರು ಬಂದರೆ ಸಾಕು, ಹಿಂದೆಯೇ ಉಪ್ಪಿನ ಮೂಟೆಯೂ ಬರುತ್ತದೆ. ಈ ಸಲ ಬುಡದಿಂದ ಹೇಳಿಬಿಡುತ್ತೇನೆ.

ನಗರ ನಾಶವಾದದ್ದು ನಿಜ. ಮುತ್ತಿಗೆ ಶುರುವಾಗಿದ್ದು ಕ್ರಿ.ಪೂ. 149ರಲ್ಲಿ, ಮುಗಿದಿದ್ದು 146ರಲ್ಲಿ. ಕೊನೆಗೆ ರೋಮನ್ ಸೇನಾಪತಿ ಸಿಪಿಯೋ ಎಮಿಲಿಯಾನಸ್‌ನ ಸೈನ್ಯ ಒಳನುಗ್ಗಿತು. ನಗರದ ಕೋಟೆಯಿದ್ದ ಬೀರ್ಸಾ ಗುಡ್ಡಕ್ಕೆ ಏರುವ ಬೀದಿಗಳ ಇಕ್ಕೆಲದಲ್ಲೂ ಆರಂತಸ್ತಿನ ಮನೆಗಳಿದ್ದವು. ಸೈನಿಕರು ಒಂದು ಮಾಳಿಗೆಯಿಂದ ಇನ್ನೊಂದಕ್ಕೆ ಹಲಗೆ ಹಾಸಿಕೊಂಡು, ಮನೆಮನೆಯಲ್ಲೂ ಕಾದಾಡುತ್ತಾ ಮುಂದೆ ಹೋದರು ಅಂತ ಪ್ರಾಚೀನ ಇತಿಹಾಸಕಾರ ಅಪ್ಪಿಯನ್ ಬರೆಯುತ್ತಾನೆ. ಶರಣಾಗಿ ಹೊರಬಂದವರೇ 50,000 ಮಂದಿ. ಆಮೇಲೆ ರೋಮಿನ ಸೆನೆಟ್ 10 ಜನರನ್ನು ಕಳಿಸಿ, ಉಳಿದ ಕಟ್ಟಡಗಳನ್ನೂ ಕೆಡವಿಸಿ, ಅಲ್ಲಿ ಮನೆ ಮಾಡುವವರಿಗೆ ಶಾಪ ಹಾಕಿಸಿತು.

ಶಾಪ ಇದೆ, ಉಪ್ಪಿಲ್ಲ. ಅಪ್ಪಿಯನ್ ಹೇಳಿಲ್ಲ. ಯಾವ ಪ್ರಾಚೀನ ಲೇಖಕನೂ ಹೇಳಿಲ್ಲ. ಮಾಳಿಗೆಯ ಹಲಗೆಯನ್ನೂ ಬಿಡದೆ ಬರೆದವನು ಇಷ್ಟು ದೊಡ್ಡ ಸಂಗತಿಯನ್ನು ಬಿಡುತ್ತಾನಾ?

ಸ್ವಲ್ಪ ಲೆಕ್ಕವನ್ನೂ ಹಾಕಿ. ತೆಂಗಿನ ಗುಂಡಿಗೆ ಕಲ್ಲುಪ್ಪು ಹಾಕಿಯೇ ಸಸಿ ನೆಡುವ ನಮ್ಮ ರೈತರಿಗೆ ಗೊತ್ತು, ಒಂದೆರಡು ಹಿಡಿ ಉಪ್ಪಿಗೆ ನೆಲ ಸಾಯುವುದಿಲ್ಲ. ಒಂದು ಎಕರೆ ಹಾಳು ಮಾಡಲಿಕ್ಕೇ ಟನ್‌ಗಟ್ಟಲೆ ಬೇಕು. ಮಳೆ ಬಂದರೆ ಅದೂ ಕರಗಿ ಹೋಗುತ್ತದೆ. ಅಷ್ಟಕ್ಕೂ ರೋಮನ್ನರಿಗೆ ಆ ನೆಲ ಬೇಕಿತ್ತು. ಯುದ್ಧ ಮುಗಿದ ಕೂಡಲೇ ಅದನ್ನು ಸರ್ಕಾರಿ ಜಮೀನು ಮಾಡಿಕೊಂಡರು. ಕ್ರಿ.ಪೂ. 122ರಲ್ಲಿ ರೋಮಿನ ರಾಜಕಾರಣಿ ಗಾಯಸ್ ಗ್ರಾಕಸ್ 6,000 ಜನರಿಗೆ ಅಲ್ಲಿ ಜಮೀನು ಹಂಚಲು ಹೊರಟ. ರಾಜಕೀಯ ಜಗಳದಲ್ಲಿ ಆ ಯೋಜನೆ ಬಿದ್ದುಹೋಯಿತು, ಮಣ್ಣು ಕೆಟ್ಟು ಅಲ್ಲ. ಮುಂದೆ ಸೀಸರ್ ಮತ್ತು ಅಗಸ್ಟಸ್ ಅಲ್ಲೇ ಹೊಸ ಕಾರ್ತೇಜ್ ಕಟ್ಟಿಸಿದರು. ಕ್ರಿ.ಶ. ಒಂದನೇ ಶತಮಾನದ ಹೊತ್ತಿಗೆ ವರ್ಷದಲ್ಲಿ 8 ತಿಂಗಳು ರೋಮಿಗೆ ಅನ್ನ ಹಾಕುವುದು ಆಫ್ರಿಕಾ, ಅಂದರೆ ಕಾರ್ತೇಜ್ ಇದ್ದ ಸೀಮೆ, ಅಂತ ಆ ಕಾಲದ ಯೆಹೂದಿ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಉಪ್ಪು ಬಿತ್ತಿದ ನೆಲದ ಫಸಲಾ ಇದು?

ಹಾಗಾದರೆ ಕತೆ ಬಂದಿದ್ದೆಲ್ಲಿಂದ? ಬೈಬಲ್‌ನಲ್ಲಿ ಅಬೀಮೆಲೆಕ ಶೆಕೆಮ್ ಊರನ್ನು ಕೆಡವಿ ಉಪ್ಪು ಚೆಲ್ಲುತ್ತಾನೆ. 1299ರಲ್ಲಿ ಪೋಪ್ 8ನೇ ಬೋನಿಫೇಸ್ ತನ್ನ ವಿರೋಧಿಗಳ ಪಲೆಸ್ಟ್ರೀನಾ ಊರನ್ನು ನಾಶಮಾಡಿಸಿ, ಹಳೆಯ ಕಾರ್ತೇಜ್‌ನಂತೆ ನೇಗಿಲು ಹೊಡೆಸಿದ್ದೇನೆ, ಉಪ್ಪನ್ನೂ ಬಿತ್ತಿಸಿದ್ದೇನೆ ಅಂದ. ನೇಗಿಲು, ಉಪ್ಪು, ಕಾರ್ತೇಜ್ ಮೂರೂ ಒಂದೇ ಉಸಿರಿನಲ್ಲಿ! ಇಂಥವೆಲ್ಲ ಕಲಸಿಹೋಗಿ, 1930ರಲ್ಲಿ ಕೇಂಬ್ರಿಡ್ಜ್‌ನ ಪ್ರಾಚೀನ ಇತಿಹಾಸದ ಸಂಪುಟದಲ್ಲೂ ಉಪ್ಪು ಬಂದು ಕೂತಿತು. ಅಲ್ಲಿಂದ ಪಠ್ಯಪುಸ್ತಕಗಳಿಗೆ ಬರುವುದು ಎಷ್ಟು ಹೊತ್ತು? 1986ರಲ್ಲಿ ವಿದ್ವಾಂಸರು ಇದನ್ನು ಎತ್ತಿ ತೋರಿಸಿ ಅಲ್ಲಗಳೆದರು. ಕತೆ ಮಾತ್ರ ಇನ್ನೂ ಓಡಾಡುತ್ತಲೇ ಇದೆ.

ಆ ನಗರದ ಪುಸ್ತಕಗಳು ಏನಾದವು ಅಂತ ಮಾತ್ರ ಯಾರೂ ಕೇಳುವುದಿಲ್ಲ. ನನಗೆ ಅದೇ ಜಾಸ್ತಿ ಕುತೂಹಲ. ಗ್ರಂಥಾಲಯಗಳನ್ನು ಸೆನೆಟ್ ಆಫ್ರಿಕಾದ ಸಣ್ಣಪುಟ್ಟ ರಾಜರಿಗೆ ಕೊಟ್ಟುಬಿಟ್ಟಿತು ಅಂತಾನೆ ರೋಮನ್ ಲೇಖಕ ಪ್ಲಿನಿ. ಒಂದನ್ನು ಮಾತ್ರ ಇಟ್ಟುಕೊಂಡಿತು: ಕಾರ್ತೇಜ್‌ನ ಮಾಗೋ ಎಂಬವನು ಬೇಸಾಯದ ಬಗ್ಗೆ ಬರೆದ 28 ಸಂಪುಟಗಳು. ಶತ್ರುವಿನ ಊರು ಸುಟ್ಟವರು ಅವನ ಕೃಷಿ ಪುಸ್ತಕವನ್ನು ಸರ್ಕಾರಿ ಆದೇಶದ ಮೇಲೆ ಲ್ಯಾಟಿನ್‌ಗೆ ಅನುವಾದ ಮಾಡಿಸಿದರು. ಮೂಲವೂ ಇಲ್ಲ, ಅನುವಾದವೂ ಇಲ್ಲ; ಬೇರೆಯವರು ಎತ್ತಿಕೊಂಡ ತುಣುಕುಗಳಷ್ಟೇ ಉಳಿದಿವೆ. ಜಮೀನು ಕೊಳ್ಳುವವನು ಮೊದಲು ಪೇಟೆಯ ಮನೆ ಮಾರಲಿ, ಅನ್ನುವುದು ಮಾಗೋ ಮಾತು. ಇದು ಅತಿಯಾಯಿತು ಅಂತ ಪ್ಲಿನಿಯೇ ಗೊಣಗಿದ್ದಾನೆ.