ಯೋನಿಯ ಮೈಕ್ರೋಬಯೋಮ್ ಮತ್ತು ಅವಧಿಪೂರ್ವ ಹೆರಿಗೆ: ನಾನು ಎಡವಿದ ಆ ‘ಎರಡು ಪಟ್ಟು’

37 ವಾರ ತುಂಬುವ ಮೊದಲೇ ಆದರೆ ಅದು ಅವಧಿಪೂರ್ವ ಹೆರಿಗೆ. ಜಗತ್ತಿನಲ್ಲಿ ಹುಟ್ಟುವ ಹತ್ತು ಮಕ್ಕಳಲ್ಲಿ ಸುಮಾರು ಒಂದು ಹೀಗೆ ಹುಟ್ಟುತ್ತದೆ.

ಯೋನಿಯಲ್ಲಿ ಬದುಕುವ ಬ್ಯಾಕ್ಟೀರಿಯಾ ಮುಂತಾದ ಸೂಕ್ಷ್ಮಜೀವಿಗಳ ಸಮೂಹವೇ ಅಲ್ಲಿನ ಮೈಕ್ರೋಬಯೋಮ್; ಅದಕ್ಕೂ ಇಂಥ ಹೆರಿಗೆಗೂ ಇರುವ ನಂಟು ಇಲ್ಲಿನ ವಿಷಯ. ಹಿನ್ನೆಲೆ ಸುಲಭ, ಬೇಗ ಮುಗಿಸುತ್ತೇನೆ. ಬಸುರಿಯಲ್ಲಿ ಈಸ್ಟ್ರೋಜನ್ ಏರುತ್ತದೆ. ಯೋನಿಯ ಒಳಪದರದ ಜೀವಕೋಶಗಳಲ್ಲಿ ಗ್ಲೈಕೋಜನ್ (ಕೂಡಿಟ್ಟ ಸಕ್ಕರೆ) ತುಂಬಿಕೊಳ್ಳುತ್ತದೆ. ಅದು ಒಡೆದು ಸಣ್ಣ ಸಕ್ಕರೆಗಳಾದಾಗ ಲ್ಯಾಕ್ಟೊಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾ ತಿಂದು ಲ್ಯಾಕ್ಟಿಕ್ ಆಮ್ಲ ಬಿಡುತ್ತದೆ. ಪಿಎಚ್ (ಆಮ್ಲತೆಯ ಅಳತೆ; ಕಡಿಮೆ ಇದ್ದಷ್ಟೂ ಹುಳಿ) 4.5ಕ್ಕಿಂತ ಕೆಳಗೆ ಉಳಿಯುತ್ತದೆ, ಬೇರೆ ಬ್ಯಾಕ್ಟೀರಿಯಾಗಳಿಗೆ ಬದುಕು ಕಷ್ಟ. ಕರುಳಿನ ಮೈಕ್ರೋಬಯೋಮ್ ಪಾಠ ಓದಿ ಬಂದವರು ಇಲ್ಲಿ ತಲೆ ತಿರುಗಿಸಿಕೊಳ್ಳಬೇಕು: ಅಲ್ಲಿ ವೈವಿಧ್ಯ ಜಾಸ್ತಿ ಇದ್ದರೆ ಒಳ್ಳೆಯದು, ಇಲ್ಲಿ ಒಂದೇ ಜಾತಿಯ ದರ್ಬಾರು ಒಳ್ಳೆಯದು.

ಯಾವ ಬ್ಯಾಕ್ಟೀರಿಯಾದ್ದು ಮೇಲುಗೈ ಎಂದು ನೋಡಿದರೆ ಯೋನಿಯ ಮೈಕ್ರೋಬಯೋಮ್‌ನ ಗುಂಪುಗಳು ಐದು. 2011ರಲ್ಲಿ ವಿಜ್ಞಾನಿ ಜ್ಯಾಕ್ ರಾವೆಲ್ ಮತ್ತು ಜೊತೆಗಾರರು 396 ಮಹಿಳೆಯರ (ಬಸುರಿಯರಲ್ಲ) ಮಾದರಿ ನೋಡಿ ಮಾಡಿದ ವಿಂಗಡಣೆ ಇದು. ನೆನಪಿಡಲು ನನ್ನ ಗುಟ್ಟು: “ಕ್ರಿ, ಗ್ಯಾ, ಐ, ಸಂತೆ, ಜೆ”. ಕ್ರಿಸ್ಪೇಟಸ್, ಗ್ಯಾಸೆರಿ, ಐನರ್ಸ್, ಜೆನ್ಸೆನಿ, ನಾಲ್ಕೂ ಲ್ಯಾಕ್ಟೊಬ್ಯಾಸಿಲಸ್. ನಾಲ್ಕನೇ ಜಾಗದಲ್ಲಿ ಮಾತ್ರ ಯಾರೂ ರಾಜರಿಲ್ಲ. ಗಾರ್ಡ್ನರೆಲ್ಲಾ, ಪ್ರಿವೊಟೆಲ್ಲಾ ಎಲ್ಲ ಸೇರಿದ ಸಂತೆ ಅದು. ಐನರ್ಸ್ ಹೆಸರಿಗೆ ಲ್ಯಾಕ್ಟೊಬ್ಯಾಸಿಲಸ್ ಆದರೂ ನಂಬಿಗಸ್ತ ಕಾವಲುಗಾರ ಅಲ್ಲ. ಡಿ ರೂಪದ ಲ್ಯಾಕ್ಟಿಕ್ ಆಮ್ಲ ಅದಕ್ಕೆ ಮಾಡಲು ಬರುವುದಿಲ್ಲ, ಸುಲಭವಾಗಿ ಸಂತೆಗೆ ಜಾಗ ಬಿಟ್ಟುಕೊಡುತ್ತದೆ.

ಹೆರಿಗೆಗೂ ಇದಕ್ಕೂ ಕೊಂಡಿ ಎಲ್ಲಿ? ಕೆಲವು ಬ್ಯಾಕ್ಟೀರಿಯಾಗಳ ಸಿಯಾಲಿಡೇಸ್ ಕಿಣ್ವ ಲೋಳೆಯನ್ನು ಕೊರೆಯುತ್ತದೆ. ಅವು ಗರ್ಭಕಂಠ ದಾಟಿ ಮೇಲೇರಿದರೆ ಉರಿಯೂತ ಶುರು. ಆಗ ಗರ್ಭಕೋಶವನ್ನು ಹಿಂಡಿಸುವ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ಹೆಚ್ಚಿ ಹೆರಿಗೆ ನೋವು ಬರಬಹುದು. ಕೊಲಾಜನ್ (ಅಂಗಾಂಶವನ್ನು ಗಟ್ಟಿಯಾಗಿ ಹಿಡಿದಿಡುವ ಪ್ರೋಟೀನ್) ಕರಗಿಸುವ ಕಿಣ್ವಗಳಿಂದ ಗರ್ಭಕಂಠ ಮೆತ್ತಗಾಗಬಹುದು, ನೀರಿನ ಚೀಲ ಬೇಗ ಒಡೆಯಬಹುದು.

ಇನ್ನು ನಾನು ಎರಡು ದಿನ ಒದ್ದಾಡಿದ ಜಾಗ. ಲ್ಯಾಕ್ಟೊಬ್ಯಾಸಿಲಸ್ ಕುಗ್ಗಿ ಆ ‘ಸಂತೆ’ಯ ಬ್ಯಾಕ್ಟೀರಿಯಾಗಳು ಹೆಚ್ಚಾದ ಸ್ಥಿತಿಗೆ ಬ್ಯಾಕ್ಟೀರಿಯಲ್ ವಜೈನೋಸಿಸ್ (ಬಿವಿ) ಎನ್ನುತ್ತಾರೆ. ಅದು ಇದ್ದರೆ ಅವಧಿಪೂರ್ವ ಹೆರಿಗೆಯ ಅಪಾಯ ಸುಮಾರು ಎರಡು ಪಟ್ಟು ಎನ್ನುತ್ತಾರೆ. ಹಾಗಿದ್ದರೆ ಬಿವಿ ಇದ್ದವರಲ್ಲಿ ಹೆಚ್ಚಿನವರಿಗೆ ಹೆರಿಗೆ ಬೇಗ ಆಗುತ್ತದೆ, ಅಲ್ವಾ? ಇಲ್ಲ! ಲೆಕ್ಕಕ್ಕೆ ಸುಮ್ನೆ ಕೆಲವು ಅಂಕಿ ಇಟ್ಟುಕೊಳ್ಳೋಣ, ನಿಜದ ಅಂಕಿ ಅಲ್ಲ. 1000 ಬಸುರಿಯರು. 200 ಮಂದಿಗೆ ಬಿವಿ ಇದೆ, 800 ಮಂದಿಗೆ ಇಲ್ಲ. ಬಿವಿ ಇಲ್ಲದವರಲ್ಲಿ ಅಪಾಯ 8% ಇರಲಿ: 64 ಮಂದಿ. ಇರುವವರಲ್ಲಿ ಎರಡು ಪಟ್ಟು, ಅಂದರೆ 16%: 32 ಮಂದಿ. ಈಗ ಎರಡು ಕಡೆಯಿಂದ ಓದಿ. ಬಿವಿ ಇದ್ದ 200ರಲ್ಲಿ 168 ಮಂದಿಗೆ ದಿನ ತುಂಬಿಯೇ ಹೆರಿಗೆ. ಇನ್ನೊಂದು ಕಡೆ, ಬೇಗ ಹೆತ್ತ 96 ಮಂದಿಯಲ್ಲಿ 64 ಮಂದಿಗೆ ಬಿವಿಯೇ ಇರಲಿಲ್ಲ. ಪಟ್ಟು ಹೇಳುವುದು ಎರಡು ಗುಂಪುಗಳ ಹೋಲಿಕೆಯನ್ನು; ಒಬ್ಬಳ ಹಣೆಬರಹವನ್ನಲ್ಲ. ನಾನು ಇದನ್ನು ಕಾಗದದಲ್ಲಿ ಮೂರು ಸಲ ಬಿಡಿಸಿದ ಮೇಲೆ ತಲೆಗೆ ಹೋಯಿತು.

ಮುಂದಿನ ಗಂಟು ಇದಕ್ಕೇ ಸೇರಿದ್ದು. ಬಿವಿಗೆ ಆ್ಯಂಟಿಬಯಾಟಿಕ್ ಕೊಟ್ಟರೆ ಅಪಾಯ ಇಳಿಯಬೇಕಲ್ಲ? ಫ್ರಾನ್ಸಿನ ಪ್ರಿಮೆವಾ ಪ್ರಯೋಗದಲ್ಲಿ (2018) ಬಿವಿ ಇದ್ದ, ಉಳಿದಂತೆ ಕಡಿಮೆ ಅಪಾಯದ ಬಸುರಿಯರಿಗೆ ಮೊದಲ ತಿಂಗಳುಗಳಲ್ಲೇ ಕ್ಲಿಂಡಮೈಸಿನ್ ಎಂಬ ಆ್ಯಂಟಿಬಯಾಟಿಕ್ ಕೊಟ್ಟರು. ತಡವಾದ ಗರ್ಭಪಾತ ಅಥವಾ ತುಂಬಾ ಬೇಗನೆ ತಾನಾಗಿ ಆದ ಹೆರಿಗೆ, ಔಷಧ ಪಡೆದವರಲ್ಲಿ 1.2%, ಪಡೆಯದವರಲ್ಲಿ 1.0%. ಇಳಿಯಲಿಲ್ಲ. ನನಗೆ ಕಾಣುವುದು ಹೀಗೆ: ಔಷಧ ಸಂತೆಯನ್ನು ಚದುರಿಸುತ್ತದೆ, ಆದರೆ ಕ್ರಿಸ್ಪೇಟಸ್‌ನ ಕರೆದು ಕೂರಿಸುವುದಿಲ್ಲ. ಹೋದ ಕಿರುಪರೀಕ್ಷೆಯಲ್ಲಿ ನಾನು “ಬಿವಿ ಕಾರಣ” ಎಂದು ಬರೆದು ಅಂಕ ಕಳೆದುಕೊಂಡೆ. “ಬಿವಿಗೂ ಇದಕ್ಕೂ ನಂಟಿದೆ” ಎಂದು ಬರೆಯಿರಿ.

ನಂಟು ಕೂಡ ಎಲ್ಲ ಕಡೆ ಒಂದೇ ಥರ ಇಲ್ಲ. 2017ರಲ್ಲಿ ಅಮೆರಿಕದ ಬಸುರಿಯರ ಎರಡು ಗುಂಪುಗಳನ್ನು ಹೋಲಿಸಿದಾಗ, ಸ್ಟ್ಯಾನ್‌ಫೋರ್ಡ್ ಕಡೆ ಗಾರ್ಡ್ನರೆಲ್ಲಾಗೂ ಅವಧಿಪೂರ್ವ ಹೆರಿಗೆಗೂ ನಂಟು ಸ್ಪಷ್ಟವಾಗಿ ಕಂಡಿತು. ಅಲಬಾಮಾ ಗುಂಪಿನಲ್ಲಿ ಹಾಗೆ ಕಾಣಲಿಲ್ಲ.